ಶ್ರೀ ಅಕ್ಷರದ ಮೇಲೆ ಡಾಂಬರು

1958ರ ಮಾರ್ಚಿನಲ್ಲಿ ಸಿಲೋನ್ (ಇಂದಿನ ಶ್ರೀಲಂಕಾ) ಸರ್ಕಾರ ಉತ್ತರದ ತಮಿಳು ಪ್ರದೇಶವಾದ ಜಾಫ್ನಾಕ್ಕೆ ಹೊಸ ಬಸ್ಸುಗಳನ್ನು ಕಳಿಸಿತು. ಬಸ್ ಸಾರಿಗೆ ಸರ್ಕಾರದ ಕೈಗೆ ಬಂದು ಎರಡು ಮೂರು ತಿಂಗಳಾಗಿತ್ತಷ್ಟೆ. ನಂಬರ್ ಪ್ಲೇಟಿನಲ್ಲಿ ಹಿಂದೆ ಇಂಗ್ಲಿಷ್ ಅಕ್ಷರಗಳಿದ್ದ ಜಾಗದಲ್ಲಿ ಈಗ ಸಿಂಹಳ ಲಿಪಿಯ ‘ಶ್ರೀ’ ಇತ್ತು. ಫೆಡರಲ್ ಪಾರ್ಟಿಯ ತಮಿಳು ಕಾರ್ಯಕರ್ತರು ಡಾಂಬರಿನ ಡಬ್ಬಿ ಹಿಡಿದು ಬಂದು ಅದನ್ನು ಅಳಿಸಿ ತಮಿಳಿನಲ್ಲಿ ಬರೆದರು. ಅದಕ್ಕೆ ಉತ್ತರವಾಗಿ ದಕ್ಷಿಣದ ಊರುಗಳಲ್ಲಿ ತಮಿಳು ಬೋರ್ಡುಗಳಿಗೆ ಡಾಂಬರು ಬಿತ್ತು. ಏಪ್ರಿಲ್ 9ರಂದು ಬೌದ್ಧ ಭಿಕ್ಕುಗಳು ಪ್ರಧಾನಿ ಬಂಡಾರನಾಯಕೆಯವರ ಮನೆ ಮುಂದೆ ಧರಣಿ ಕೂತರು. ತಮಿಳು ನಾಯಕ ಚೆಲ್ವನಾಯಕಂ ಜೊತೆ ಹಿಂದಿನ ವರ್ಷ ಮಾಡಿಕೊಂಡ ಒಪ್ಪಂದ ರದ್ದಾಯಿತೆಂದು ಬರೆದುಕೊಡುವವರೆಗೆ ಅವರು ಏಳಲಿಲ್ಲ. ಮೇ ಕೊನೆಯ ವಾರದ ಗಲಭೆ ಪೊಲೊನ್ನರುವದಲ್ಲಿ ರೈಲಿನ ಮೇಲಿನ ದಾಳಿಯಿಂದ ಶುರುವಾಯಿತು. ಅದು ಮುಗಿಯುವ ಹೊತ್ತಿಗೆ ನೂರಕ್ಕೂ ಮಿಕ್ಕಿ ಜನ ಸತ್ತಿದ್ದರು.

ಬೋರ್ಡಿಗೆ ಮಸಿ ಬಳಿಯುವ ದೃಶ್ಯ ನಮಗೇನೂ ಹೊಸದಲ್ಲ. ಬೆಂಗಳೂರಿನಲ್ಲಿ, ಬೆಳಗಾವಿಯಲ್ಲಿ ಅದನ್ನು ನೋಡಿಯೇ ಬೆಳೆದವರು ನಾವು. ನಮ್ಮಲ್ಲಿ ಮಸಿ ಬಳಿದ ಮೇಲೆ ಒಂದಷ್ಟು ಕೇಸು, ಒಂದಷ್ಟು ಪತ್ರಿಕಾ ಹೇಳಿಕೆ, ಆಮೇಲೆ ಮತ್ತೆ ಮುಂದಿನ ನವೆಂಬರ್. ಅಲ್ಲಿ ಇಪ್ಪತ್ತಾರು ವರ್ಷದ ಯುದ್ಧ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳಿದರೆ ಎರಡು ಸಿದ್ಧ ಉತ್ತರಗಳಿವೆ. ಭಾಷೆ, ಧರ್ಮ ಬೇರೆಯಾದ ಜನರನ್ನು ಒಂದೇ ದೇಶದಲ್ಲಿ ಕಟ್ಟಿಹಾಕಿದರೆ ಇವತ್ತಲ್ಲ ನಾಳೆ ಹೊಡೆದಾಟ ಖಂಡಿತ ಎನ್ನುವುದು ಒಂದು. ಜನ ಚೆನ್ನಾಗಿಯೇ ಇದ್ದರು, ಓಟಿಗಾಗಿ ರಾಜಕಾರಣಿಗಳು ಕಡ್ಡಿ ಗೀರಿದರು ಎನ್ನುವುದು ಇನ್ನೊಂದು. ಮೊದಲನೆಯದನ್ನು ಹೇಳುವವರು ಗಡುಸಾದ ವಾಸ್ತವವಾದಿಗಳಂತೆ ಕಾಣುತ್ತಾರೆ, ಎರಡನೆಯದನ್ನು ಹೇಳುವವರು ಸಜ್ಜನರಂತೆ. ಶ್ರೀಲಂಕಾದ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಇಬ್ಬರಿಗೂ ಮುಜುಗರವಾಗುವ ಸಂಗತಿಗಳು ಸಿಗುತ್ತವೆ.

ಮೊದಲನೆಯ ವಾದವನ್ನು ಅದರ ಗಟ್ಟಿ ರೂಪದಲ್ಲೇ ತೆಗೆದುಕೊಳ್ಳೋಣ. ದೇವರ ವಿಷಯದಲ್ಲಿ ಸರ್ಕಾರ ಬಾಯಿ ಮುಚ್ಚಿಕೊಂಡು ಇರಬಹುದು. ಭಾಷೆಯ ವಿಷಯದಲ್ಲಿ ಅದು ಸಾಧ್ಯವಿಲ್ಲ. ಕೋರ್ಟಿನ ತೀರ್ಪು, ತಾಲ್ಲೂಕು ಕಚೇರಿಯ ನೋಟಿಸು, ಗುಮಾಸ್ತನ ಪರೀಕ್ಷೆ ಎಲ್ಲವೂ ಯಾವುದಾದರೂ ಒಂದು ಭಾಷೆಯಲ್ಲಿ ಇರಲೇಬೇಕು. ಆ ಭಾಷೆ ಯಾರ ಮನೆಯದೋ ಅವರ ಮಕ್ಕಳಿಗೆ ಅರ್ಧ ಕೆಲಸ ಸಿಕ್ಕಂತೆಯೇ. ಸ್ವಾತಂತ್ರ್ಯ ಬಂದ 1948ರಲ್ಲಿ ಸಿಲೋನಿನ ಸರ್ಕಾರ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಲ್ಲವರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. ಈ ಸಣ್ಣ ಗುಂಪಿನಲ್ಲಿ ಜಾಫ್ನಾ ತಮಿಳರು ತಮ್ಮ ಜನಸಂಖ್ಯೆಗಿಂತ ಬಹಳ ಹೆಚ್ಚಿದ್ದರು. ಅದು ಯಾರ ಸಂಚೂ ಅಲ್ಲ. ಜಾಫ್ನಾ ನದಿಯಿಲ್ಲದ ನೆಲ. ಬಾವಿ ನೀರು, ತಾಳೆಮರ, ಹೊಗೆಸೊಪ್ಪು, ಅಷ್ಟೆ. ಅಮೆರಿಕನ್ ಮಿಷನರಿಗಳು 1816ರಲ್ಲೇ ಬಂದು ಶಾಲೆಗಳನ್ನು ತೆರೆದಿದ್ದರು. ಹೊಲ ಕೊಡದ್ದನ್ನು ಓದು ಕೊಡುತ್ತದೆಂದು ಕಂಡುಕೊಂಡ ಮನೆಗಳಿಂದ ಹುಡುಗರು ಗುಮಾಸ್ತರಾಗಿ, ಸ್ಟೇಷನ್ ಮಾಸ್ತರರಾಗಿ, ಡಾಕ್ಟರಾಗಿ ದ್ವೀಪದ ತುಂಬ ಹರಡಿದರು. 1956ರಲ್ಲಿ ಆಡಳಿತ ಸೇವೆಯ ಅಧಿಕಾರಿಗಳಲ್ಲಿ ನೂರಕ್ಕೆ ಮೂವತ್ತು ಮಂದಿ ತಮಿಳರು ಎಂಬ ಲೆಕ್ಕ ಪ್ರಸಿದ್ಧ.

ದಕ್ಷಿಣದ ಹಳ್ಳಿಯಲ್ಲಿ ಸಿಂಹಳ ಶಾಲೆಯಲ್ಲಿ ಓದಿದ ಹುಡುಗನಿಗೆ ಇದು ಹೇಗೆ ಕಂಡಿರಬೇಕು? ದೇಶದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನ ಆಡುವ ಮಾತು, ಸರ್ಕಾರಿ ಕಚೇರಿಯ ಹೊಸ್ತಿಲು ದಾಟುವಂತಿಲ್ಲ. ಅದರ ಮೇಲೆ, ಪಾಕ್ ಜಲಸಂಧಿಯ ಆಚೆ ಕೋಟಿಗಟ್ಟಲೆ ತಮಿಳರು. ಸಿಂಹಳಕ್ಕೆ ಜಗತ್ತಿನಲ್ಲಿ ಬೇರೆ ನೆಲೆಯೇ ಇಲ್ಲ. ಬಹುಸಂಖ್ಯಾತರಾಗಿದ್ದೂ ಅಲ್ಪಸಂಖ್ಯಾತರಂತೆ ಅಂಜುವ ಈ ಮನಃಸ್ಥಿತಿಯನ್ನು ಮೂರ್ಖತನವೆಂದು ತಳ್ಳಿಹಾಕುವುದು ಸುಲಭ. ಕನ್ನಡಿಗರಾದ ನಾವು ಹಾಗೆ ತಳ್ಳಿಹಾಕಲಾರೆವು. ರಾಜಧಾನಿಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ ಎಂಬ ಜನಗಣತಿಯ ಸಾಲನ್ನು ಓದುವಾಗ ಎದೆಯಲ್ಲಿ ಆಗುವ ಸಣ್ಣ ಚುಚ್ಚು ಅದೇ ಜಾತಿಯದು. ಭಿನ್ನತೆ ಇಲ್ಲದಿದ್ದರೆ ಈ ಭಯಕ್ಕೆ, ಈ ಅಸೂಯೆಗೆ, ಈ ಲೆಕ್ಕಾಚಾರಕ್ಕೆ ನೆಲೆಯೇ ಇರುತ್ತಿರಲಿಲ್ಲ ಎಂದು ಮೊದಲನೆಯ ವಾದ ಹೇಳುತ್ತದೆ, ಅದು ಸುಳ್ಳಲ್ಲ.

ಈಗ ಇನ್ನೊಂದು ಪಕ್ಷ. ಭಿನ್ನತೆ ಸಾವಿರಾರು ವರ್ಷದಿಂದ ಇತ್ತಲ್ಲ, ಆಗ ಏನಾಗಿತ್ತು? ಕ್ಯಾಂಡಿಯ ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ ಮಧುರೆಯ ಕಡೆಯಿಂದ ಬಂದ ನಾಯಕ ವಂಶದವನು. ಬುದ್ಧನ ದಂತಧಾತುವಿನ ರಕ್ಷಕನಾಗಿ ಸಿಂಹಳರನ್ನು ಆಳಿದ. 1815ರಲ್ಲಿ ಅವನನ್ನು ಇಳಿಸಿ ಬ್ರಿಟಿಷರಿಗೆ ರಾಜ್ಯ ಒಪ್ಪಿಸಿದ ಕರಾರಿಗೆ ಸಹಿ ಹಾಕಿದ ಸಿಂಹಳ ಪ್ರಧಾನರಲ್ಲಿ ಕೆಲವರ ರುಜು ತಮಿಳು ಲಿಪಿಯಲ್ಲಿದೆ. ಕತರಗಾಮದ ದೇವರ ಮುಂದೆ ಬೌದ್ಧರು, ಹಿಂದೂಗಳು, ಮುಸ್ಲಿಮರು ಇವತ್ತಿಗೂ ನಿಲ್ಲುತ್ತಾರೆ. ಏಪ್ರಿಲ್ ಮಧ್ಯದ ಹೊಸ ವರ್ಷ ಸಿಂಹಳರಿಗೂ ತಮಿಳರಿಗೂ ಒಂದೇ ದಿನ. ಇಂಥ ಉದಾಹರಣೆಗಳನ್ನು ಪೋಣಿಸಿ ಸೌಹಾರ್ದದ ಹಾರ ಮಾಡುವುದು ನನಗೆ ಅಷ್ಟು ಇಷ್ಟವಿಲ್ಲ. ಒಟ್ಟಿಗೆ ಕೈಮುಗಿದವರು ಮಾರನೆಯ ದಿನ ಹೊಡೆದಾಡಿದ್ದೂ ಚರಿತ್ರೆಯಲ್ಲಿ ಬೇಕಾದಷ್ಟಿದೆ. ಆದರೆ ಜನ ಹುಟ್ಟಾ ವೈರಿಗಳು ಎಂಬ ಮಾತಿಗೆ ಇಷ್ಟು ಸಾಕ್ಷಿಯ ಮುಂದೆ ನಿಲ್ಲುವ ಶಕ್ತಿಯಿಲ್ಲ.

ಹೆಚ್ಚು ತೂಕದ ಸಾಕ್ಷಿ ರಾಜಕಾರಣಿಗಳ ನಡೆಯಲ್ಲಿದೆ. 1944ರಲ್ಲಿ ಜೆ.ಆರ್. ಜಯವರ್ಧನೆ ಸಿಂಹಳವನ್ನು ಅಧಿಕೃತ ಭಾಷೆ ಮಾಡುವ ನಿರ್ಣಯ ತಂದಾಗ, ಅದಕ್ಕೆ ತಮಿಳನ್ನೂ ಸೇರಿಸುವ ತಿದ್ದುಪಡಿ ಅಂಗೀಕಾರವಾಗಿತ್ತು. ಇಂಗ್ಲಿಷ್ ಹೋಗಿ ಎರಡು ನೆಲದ ಭಾಷೆಗಳು ಬರಲಿ ಎಂಬುದೇ ಆಗಿನ ಒಮ್ಮತ. ಬಂಡಾರನಾಯಕೆಯಂತೂ ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು, ಆಂಗ್ಲಿಕನ್ ಮನೆತನ. 1926ರಲ್ಲೇ ಸಿಲೋನಿಗೆ ಒಕ್ಕೂಟ ವ್ಯವಸ್ಥೆ ಬೇಕೆಂದು ಲೇಖನ ಬರೆದಿದ್ದವರು. ಮೂವತ್ತು ವರ್ಷದ ಮೇಲೆ ಅದೇ ಮನುಷ್ಯ ಇಪ್ಪತ್ತನಾಲ್ಕು ಗಂಟೆಯಲ್ಲಿ ಸಿಂಹಳವೊಂದೇ ಅಧಿಕೃತ ಭಾಷೆಯಾಗುತ್ತದೆ ಎಂದು ಚುನಾವಣೆಗೆ ನಿಂತರು. ಎದುರಾಳಿ ಯುಎನ್‌ಪಿ ಹಿಂದೆ ಬೀಳಬಾರದೆಂದು ಫೆಬ್ರವರಿಯ ಕೆಲನಿಯ ಅಧಿವೇಶನದಲ್ಲಿ ಅದೇ ಘೋಷಣೆಯನ್ನು ಎತ್ತಿಕೊಂಡಿತು. ಹರಾಜಿನಲ್ಲಿ ಕೂಗಿದಂತೆ ಒಬ್ಬರ ಮೇಲೊಬ್ಬರು ಕೂಗಿದರು. ಗೆದ್ದ ಬಂಡಾರನಾಯಕೆ 1956ರಲ್ಲಿ ಕಾಯಿದೆ ತಂದು, 1957ರಲ್ಲಿ ಚೆಲ್ವನಾಯಕಂ ಜೊತೆ ರಾಜಿ ಮಾಡಿಕೊಂಡಾಗ ಅದನ್ನು ವಿರೋಧಿಸಿ ಕ್ಯಾಂಡಿಗೆ ಪಾದಯಾತ್ರೆ ಹೊರಟವರು, ಈಗ ವಿರೋಧ ಪಕ್ಷದಲ್ಲಿದ್ದ ಯುಎನ್‌ಪಿಯ ಇದೇ ಜಯವರ್ಧನೆ. 1965ರಲ್ಲಿ ಯುಎನ್‌ಪಿಯ ಡಡ್ಲಿ ಸೇನನಾಯಕೆ ತಮಿಳರೊಂದಿಗೆ ಒಪ್ಪಂದ ಮಾಡಿಕೊಂಡಾಗ ಬಂಡಾರನಾಯಕೆಯವರ ಪಕ್ಷ ಬೀದಿಗಿಳಿಯಿತು. ಅಧಿಕಾರದಲ್ಲಿದ್ದಾಗ ರಾಜಿ, ವಿರೋಧ ಪಕ್ಷದಲ್ಲಿದ್ದಾಗ ರಣಕಹಳೆ. ಬಂಡಾರನಾಯಕೆಯವರನ್ನು 1959ರಲ್ಲಿ ಗುಂಡಿಟ್ಟು ಕೊಂದವನು ತಮಿಳನಲ್ಲ, ಒಬ್ಬ ಭಿಕ್ಕು.

ಕಾನೂನು ಒಬ್ಬ ಸಾಮಾನ್ಯ ಮನುಷ್ಯನನ್ನು ಹೇಗೆ ಮುಟ್ಟಿತು ಎನ್ನುವುದಕ್ಕೆ ಕೋಡೀಶ್ವರನ್ ಮೊಕದ್ದಮೆಯಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ಅವರು ಸರ್ಕಾರಿ ಗುಮಾಸ್ತ. ಸಿಂಹಳ ಪರೀಕ್ಷೆಗೆ ಕೂರಲಿಲ್ಲವೆಂದು 1962ರಲ್ಲಿ ಅವರ ವಾರ್ಷಿಕ ವೇತನ ಬಡ್ತಿ ತಡೆದರು. ಮೊತ್ತ ಪುಡಿಗಾಸು. ಆದರೆ ಒಂದು ಸಮುದಾಯಕ್ಕೆ ಮಾತ್ರ ತೊಂದರೆಯಾಗುವ ಕಾಯಿದೆ ಮಾಡಕೂಡದು ಎಂದು ಸ್ವಾತಂತ್ರ್ಯ ಕಾಲದ ಸಂವಿಧಾನದ 29ನೇ ವಿಧಿ ಹೇಳುತ್ತಿತ್ತು. ಅದನ್ನು ಹಿಡಿದು ಅವರು ಕೋರ್ಟಿಗೆ ಹೋದರು. 1964ರಲ್ಲಿ ಜಿಲ್ಲಾ ನ್ಯಾಯಾಲಯ, ಅಧಿಕೃತ ಭಾಷಾ ಕಾಯಿದೆಯೇ ಅಸಿಂಧು ಎಂದಿತು. ಸುಪ್ರೀಂ ಕೋರ್ಟು 1967ರಲ್ಲಿ, ಸಂಬಳಕ್ಕಾಗಿ ಸರ್ಕಾರಿ ನೌಕರ ದಾವೆ ಹೂಡುವಂತೆಯೇ ಇಲ್ಲ ಎಂದು ಹೇಳಿ ಮೂಲ ಪ್ರಶ್ನೆಯನ್ನು ಬದಿಗಿಟ್ಟಿತು. ಲಂಡನ್ನಿನ ಪ್ರಿವಿ ಕೌನ್ಸಿಲ್ 1969ರಲ್ಲಿ, ಹೂಡಬಹುದು, ಸಂವಿಧಾನದ ಪ್ರಶ್ನೆಯನ್ನು ನೀವೇ ಕೂತು ತೀರ್ಮಾನಿಸಿ ಎಂದು ವಾಪಸು ಕಳಿಸಿತು. ತೀರ್ಮಾನ ಆಗಲೇ ಇಲ್ಲ. 1971ರಲ್ಲಿ ಪ್ರಿವಿ ಕೌನ್ಸಿಲಿಗೆ ಮೇಲ್ಮನವಿ ಹೋಗುವ ದಾರಿಯೇ ಮುಚ್ಚಿತು, 1972ರ ಹೊಸ ಸಂವಿಧಾನದಲ್ಲಿ 29ನೇ ವಿಧಿ ಮಾಯವಾಯಿತು.

ಕೋರ್ಟಿನ ಬಾಗಿಲು ಮುಚ್ಚಿದ್ದು ಯಾವ ಹಳೆಯ ವೈರವೂ ಅಲ್ಲ. ಹೆಸರು, ದಿನಾಂಕ, ಸಹಿ ಇರುವ ನಿರ್ಧಾರಗಳು ಅದನ್ನು ಮುಚ್ಚಿದವು. ಅದೇ ವರ್ಷಗಳಲ್ಲಿ ಕಾಲೇಜು ಸೀಟಿನ ಜಗಳ ಬಂತು. 1971ರ ಪ್ರವೇಶದಲ್ಲಿ ಮೆಡಿಕಲ್ ಸೀಟಿಗೆ ತಮಿಳು ವಿದ್ಯಾರ್ಥಿಗೆ ನಾನೂರಕ್ಕೆ 250 ಅಂಕ ಬೇಕಿತ್ತು, ಸಿಂಹಳ ವಿದ್ಯಾರ್ಥಿಗೆ 229 ಸಾಕಿತ್ತು. ಇಪ್ಪತ್ತೊಂದು ಅಂಕ. ಆಮೇಲೆ ಜಿಲ್ಲಾವಾರು ಕೋಟಾ ಬಂದಾಗ ಹಿಂದುಳಿದ ತಮಿಳು ಜಿಲ್ಲೆಗಳ ಮಕ್ಕಳಿಗೂ ಲಾಭವಾಯಿತು, ಪ್ರಯೋಗಾಲಯವೇ ಇಲ್ಲದ ಶಾಲೆಯಿಂದ ಬಂದ ಸಿಂಹಳ ಮಕ್ಕಳಿಗೂ ಲಾಭವಾಯಿತು. ಏಟು ಬಿದ್ದದ್ದು ಜಾಫ್ನಾಕ್ಕೆ ಮತ್ತು ಕೊಲಂಬೊಗೆ. ಕೋಟಾ ಅಷ್ಟರಮಟ್ಟಿಗೆ ನ್ಯಾಯವಾದದ್ದೇ. ಆದರೆ ಮೊದಲ ಗೆರೆಯನ್ನು ಭಾಷೆಯ ಮೇಲೆ ಎಳೆದಿದ್ದರಿಂದ ಎರಡನೆಯದರಲ್ಲಿದ್ದ ನ್ಯಾಯ ಯಾರಿಗೂ ಕಾಣಲಿಲ್ಲ. ಜಾಫ್ನಾದ ಹುಡುಗರು ಬಂದೂಕು ಹಿಡಿದ ಕಾಲ ಅದು.

ಭಿನ್ನತೆಯೇ ಕಾರಣ ಎನ್ನುವವರನ್ನು ತಬ್ಬಿಬ್ಬು ಮಾಡುವ ಇನ್ನೊಂದು ಸಂಗತಿಯಿದೆ. 1971ರ ಏಪ್ರಿಲಿನಲ್ಲಿ ದ್ವೀಪದ ಮೊದಲ ದೊಡ್ಡ ಸಶಸ್ತ್ರ ದಂಗೆ ಎದ್ದಾಗ ಅದನ್ನು ಮಾಡಿದವರು ಸಿಂಹಳ ಯುವಕರು, ಅವರ ಗುರಿ ಸಿಂಹಳ ಸರ್ಕಾರ. ಜೆವಿಪಿ ಎಂಬ ಎಡಪಂಥೀಯ ಪಕ್ಷದ ಹುಡುಗರು ಪೊಲೀಸ್ ಠಾಣೆಗಳ ಮೇಲೆ ಬಿದ್ದರು. 1987ರಿಂದ 89ರವರೆಗೆ ಅದೇ ಪಕ್ಷದ ಎರಡನೆಯ ದಂಗೆಯಲ್ಲಿ, ಮತ್ತು ಅದನ್ನು ಅಡಗಿಸುವುದರಲ್ಲಿ, ಹತ್ತಾರು ಸಾವಿರ ಜನ ಸತ್ತರು. ಕೊಂದವರ, ಸತ್ತವರ ಭಾಷೆ ಒಂದೇ, ಧರ್ಮ ಒಂದೇ. ತಾಯ್ನುಡಿಯಲ್ಲಿ ಓದಿ, ಆ ಓದಿಗೆ ಕೆಲಸ ಸಿಗದ ತಲೆಮಾರು ಎರಡೂ ಕಡೆ ಬೆಳೆದಿತ್ತು. ಉತ್ತರದಲ್ಲಿ ಅದು ಪ್ರತ್ಯೇಕ ತಮಿಳು ಈಳಂ ಎಂದಿತು, ದಕ್ಷಿಣದಲ್ಲಿ ಕ್ರಾಂತಿ ಎಂದಿತು.

ಇಷ್ಟು ಹೇಳಿ ಎರಡನೆಯ ವಾದ ಗೆದ್ದಿತೆಂದು ಎದ್ದುಬಿಡಲು ನನಗೆ ಮನಸ್ಸಾಗುವುದಿಲ್ಲ. ಕಾರಣ 1983ರ ಜುಲೈ. ಆ ತಿಂಗಳ 23ರ ರಾತ್ರಿ ಜಾಫ್ನಾ ಬಳಿ ತಮಿಳು ಬಂಡುಕೋರ ಪಡೆ ಎಲ್‌ಟಿಟಿಇ ಹದಿಮೂರು ಸೈನಿಕರನ್ನು ಕೊಂದಿತು. ಮರುದಿನದಿಂದ ಕೊಲಂಬೊದಲ್ಲಿ ಗುಂಪುಗಳು ಮತದಾರರ ಪಟ್ಟಿ ಹಿಡಿದು ಬೀದಿ ಬೀದಿ ಸುತ್ತಿದವು. ಪಟ್ಟಿಯಲ್ಲಿ ಹೆಸರು ನೋಡಿದರೆ ಸಾಕು, ಯಾವ ಮನೆಗೆ ಬೆಂಕಿ ಇಡಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತಾಗುತ್ತಿತ್ತು. ಸತ್ತವರು ಸರ್ಕಾರದ ಲೆಕ್ಕದಲ್ಲಿ ನಾನೂರರ ಆಸುಪಾಸು, ಬೇರೆಯವರ ಲೆಕ್ಕದಲ್ಲಿ ಸಾವಿರಗಳಲ್ಲಿ. ವೆಲಿಕಡ ಜೈಲಿನೊಳಗೇ ಐವತ್ತಮೂರು ತಮಿಳು ಕೈದಿಗಳನ್ನು ಕೊಂದರು. ಪಟ್ಟಿ ಕೊಟ್ಟವರು ಯಾರು, ಪೊಲೀಸರು ಯಾಕೆ ನೋಡುತ್ತ ನಿಂತರು ಎಂಬ ಪ್ರಶ್ನೆಗಳು ಎರಡನೆಯ ವಾದದವರವು, ನ್ಯಾಯವಾದವು. ಆದರೆ ಪಟ್ಟಿ ಕೆಲಸ ಮಾಡಿದ್ದು ಹೆಸರಿನಲ್ಲೇ ಜನಾಂಗ ಇದ್ದದ್ದರಿಂದ. ದಕ್ಷಿಣದ ದಂಗೆಯಲ್ಲಿ ಪಕ್ಕದ ಮನೆಯವನು ಯಾವ ಕಡೆ ಎಂದು ಹೆಸರು ನೋಡಿ ಹೇಳುವಂತಿರಲಿಲ್ಲ. ಎರಡು ವರ್ಷದಲ್ಲಿ ಅದು ಆರಿತು, ಉಳಿದವರು ಚುನಾವಣೆಗೆ ನಿಂತರು. ಉತ್ತರದ ಯುದ್ಧ 2009ರ ಮೇ ತನಕ ನಡೆಯಿತು. ಒಟ್ಟು ಸತ್ತವರು ಎಂಬತ್ತು ಸಾವಿರದಿಂದ ಒಂದು ಲಕ್ಷ ಎಂದು ವಿಶ್ವಸಂಸ್ಥೆಯ ಅಂದಾಜು. ಸಿಟ್ಟು ಎರಡೂ ಕಡೆ ಒಂದೇ ಮೂಲದಿಂದ ಹುಟ್ಟಿರಬಹುದು. ಜನಾಂಗ ಅದಕ್ಕೆ ವಿಳಾಸ ಕೊಟ್ಟಿತು, ಭೂಪಟ ಕೊಟ್ಟಿತು, ಮುಗಿಯದಂತೆ ಆಯಸ್ಸನ್ನೂ ಕೊಟ್ಟಿತು.

ಆ ವಿಳಾಸವೂ ಸ್ಥಿರವಲ್ಲ ಎನ್ನುವುದು ಮತ್ತೊಂದು ತೊಡಕು. ಉತ್ತರದ ಮುಸ್ಲಿಮರ ಮಾತು ತಮಿಳೇ. 1990ರ ಅಕ್ಟೋಬರಿನಲ್ಲಿ ಎಲ್‌ಟಿಟಿಇ ಅವರನ್ನು ಉತ್ತರ ಪ್ರಾಂತ್ಯದಿಂದ ಓಡಿಸಿತು. ಎಪ್ಪತ್ತು ಸಾವಿರದಷ್ಟು ಜನ. ಜಾಫ್ನಾ ಪಟ್ಟಣದವರಿಗೆ ಸಿಕ್ಕಿದ್ದು ಎರಡು ಗಂಟೆ. ಭಾಷೆಗಾಗಿ ಹುಟ್ಟಿದ ಹೋರಾಟ ಅದೇ ಭಾಷೆಯವರನ್ನು ಉಟ್ಟ ಬಟ್ಟೆಯಲ್ಲಿ ಹೊರಗಟ್ಟಿತು. ಟೀ ತೋಟದ ತಮಿಳರ ಕಥೆ ಇನ್ನೂ ಬೇರೆ. ಬ್ರಿಟಿಷರು ತಮಿಳುನಾಡಿನಿಂದ ಒಯ್ದ ಕೂಲಿಗಳ ಈ ಮಕ್ಕಳು ಮೊಮ್ಮಕ್ಕಳು 1948ರ ಪೌರತ್ವ ಕಾಯಿದೆಯಿಂದ ಯಾವ ದೇಶಕ್ಕೂ ಸೇರದವರಾದರು. ಅವರನ್ನು ಕೈಬಿಟ್ಟ ಸರ್ಕಾರಕ್ಕೆ ಜಾಫ್ನಾದ ದೊಡ್ಡ ನಾಯಕ ಜಿ.ಜಿ. ಪೊನ್ನಂಬಲಂ ಮಂತ್ರಿಯಾಗಿ ಸೇರಿಕೊಂಡರು. ಅದಕ್ಕೆ ಸಿಡಿದು ಹೊರಬಂದ ಚೆಲ್ವನಾಯಕಂ ಫೆಡರಲ್ ಪಾರ್ಟಿ ಕಟ್ಟಿದರು. 1964ರಲ್ಲಿ ಭಾರತದ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಕೂತು, ಐದು ಲಕ್ಷ ಇಪ್ಪತ್ತೈದು ಸಾವಿರ ಭಾರತಕ್ಕೆ, ಮೂರು ಲಕ್ಷ ಸಿಲೋನಿಗೆ ಎಂದು ಜನರನ್ನು ಹಂಚಿಕೊಂಡರು. ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳು ನಮ್ಮ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ಇಳಿಸುವ ಕೆಲಸಕ್ಕೆ ನೆಲೆ ನಿಂತವು. ಈಳಂ ಯುದ್ಧಕ್ಕೆ ತೋಟದ ತಮಿಳರು ಬಹುಮಟ್ಟಿಗೆ ದೂರವೇ ಉಳಿದರು. ಹಾಗಾದರೆ ‘ತಮಿಳರು’ ಎಂದು ಒಂದೇ ಉಸಿರಿನಲ್ಲಿ ಹೇಳುವಾಗ ನಾವು ಯಾರನ್ನು ಹೇಳುತ್ತಿದ್ದೇವೆ?

ಸಿಂಹಳವೊಂದೇ ಎಂಬ ಕಾಯಿದೆ ಬಂದ 1956ರಲ್ಲೇ, ನವೆಂಬರ್ 1ರಂದು, ನಮ್ಮ ರಾಜ್ಯ ಒಂದಾಯಿತು. ಭಾಷೆಗೊಂದು ರಾಜ್ಯ ಕೊಟ್ಟರೆ ದೇಶ ಒಡೆಯುತ್ತದೆ ಎಂದು ನೆಹರೂ ಕಾಲದಲ್ಲಿ ಅಂಜಿದವರು ಕಡಿಮೆಯಿರಲಿಲ್ಲ, ಒಡೆಯಲಿಲ್ಲ. 1965ರಲ್ಲಿ ಹಿಂದಿಯ ವಿರುದ್ಧ ಮದ್ರಾಸು ಹೊತ್ತಿ ಉರಿದಾಗ ದಿಲ್ಲಿ ಹಿಂದೆ ಸರಿದು, 1967ರಲ್ಲಿ ಇಂಗ್ಲಿಷನ್ನು ಉಳಿಸುವ ತಿದ್ದುಪಡಿ ಮಾಡಿತು. ಇದು ನಮ್ಮ ಜಾಣತನವೆಂದು ಬೆನ್ನು ತಟ್ಟಿಕೊಳ್ಳುವ ಮೊದಲು ಒಂದು ಲೆಕ್ಕ ನೋಡಬೇಕು. ಭಾರತದಲ್ಲಿ ಯಾವ ಭಾಷೆಯವರೂ ಅರ್ಧಕ್ಕಿಂತ ಹೆಚ್ಚಿಲ್ಲ, ಹಿಂದಿಯವರು ಸಹ. ದಿಲ್ಲಿಯಲ್ಲಿ ಗದ್ದುಗೆ ಏರಬೇಕಾದರೆ ಮದ್ರಾಸನ್ನೋ ಬಂಗಾಳವನ್ನೋ ಕೇಳಲೇಬೇಕು. ಶ್ರೀಲಂಕಾದಲ್ಲಿ ಮುಕ್ಕಾಲು ಪಾಲು ಸಿಂಹಳರೇ ಇರುವಾಗ ಕೊಲಂಬೊದಲ್ಲಿ ತಮಿಳರ ಒಂದು ಓಟೂ ಇಲ್ಲದೆ ಸರ್ಕಾರ ಮಾಡಬಹುದು. ಹಲವು ಸಣ್ಣ ಗುಂಪುಗಳಿರುವ ದೇಶಕ್ಕಿಂತ ಎರಡು ದೊಡ್ಡ ಗುಂಪುಗಳು ಎದುರುಬದುರಾದ ದೇಶ ಹೆಚ್ಚು ಅಪಾಯದ್ದು ಎಂದು ಡೊನಾಲ್ಡ್ ಹೊರೊವಿಟ್ಸ್ ತರಹದ ವಿದ್ವಾಂಸರು ಹೇಳುವುದು ಇದನ್ನೇ. ನೂರಕ್ಕೂ ಮಿಕ್ಕಿ ಭಾಷೆಗಳಿರುವ ತಾಂಜಾನಿಯ ಅಂಥ ಯುದ್ಧ ಕಂಡಿಲ್ಲ. ಬಹುಮಟ್ಟಿಗೆ ಒಂದೇ ಭಾಷೆ, ಒಂದೇ ಧರ್ಮದ ಸೊಮಾಲಿಯ ಚೂರುಚೂರಾಯಿತು. 2003ರಲ್ಲಿ ಜೇಮ್ಸ್ ಫಿಯರನ್ ಮತ್ತು ಡೇವಿಡ್ ಲೈಟಿನ್ ಜಗತ್ತಿನ ಅಂತರ್ಯುದ್ಧಗಳನ್ನೆಲ್ಲ ಲೆಕ್ಕ ಹಾಕಿ, ದೇಶದ ಬಡತನ ಮತ್ತು ಸರ್ಕಾರದ ದೌರ್ಬಲ್ಯವನ್ನು ಗಣನೆಗೆ ತಂದರೆ ಭಿನ್ನತೆಯ ಪಾತ್ರ ಹೆಚ್ಚು ಉಳಿಯುವುದಿಲ್ಲ ಎಂದರು. ಆಮೇಲೆ ಬಂದ ಸೆಡರ್‌ಮನ್, ವಿಮ್ಮರ್ ಮೊದಲಾದವರು, ಎಷ್ಟು ಗುಂಪುಗಳಿವೆ ಎನ್ನುವುದಕ್ಕಿಂತ ಯಾವ ಗುಂಪನ್ನು ಅಧಿಕಾರದಿಂದ ಹೊರಗಿಟ್ಟಿದ್ದಾರೆ ಎಂದು ನೋಡಿ ಎಂದರು. ಶ್ರೀಲಂಕಾದ ಮಟ್ಟಿಗೆ ನನಗೆ ಈ ಕೊನೆಯ ಮಾತೇ ಹೆಚ್ಚು ಹೊಂದುತ್ತದೆ ಅನಿಸುತ್ತದೆ.

ನಮ್ಮ ಮನೆಯ ಕಡೆಗೂ ಒಮ್ಮೆ ನೋಡಬೇಕು. 1982ರ ಗೋಕಾಕ್ ಚಳವಳಿ ನಮಗೆ ಹೆಮ್ಮೆಯ ನೆನಪು. ಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆ ಆಗಬೇಕೆಂಬ ಆಗ್ರಹ ಮರಾಠಿ, ಉರ್ದು, ತಮಿಳು ಮನೆಗಳಿಗೆ ಹೇಗೆ ಕೇಳಿಸಿತು ಎಂದು ನಾವು ಕೇಳಿದ್ದು ಕಡಿಮೆ. ನಮ್ಮ ವಾದವೂ ಸಿಂಹಳರ ವಾದವೂ ಒಂದೇ ಅಲ್ಲ: ಅದು ಇಡೀ ದೇಶದ ಸರ್ಕಾರವನ್ನು ಹಿಡಿದ ಭಾಷೆ, ಇದು ಇಂಗ್ಲಿಷು, ಹಿಂದಿಗಳ ನಡುವೆ ಒಂದು ರಾಜ್ಯದೊಳಗೆ ಜಾಗ ಕೇಳಿದ ಭಾಷೆ. ಆದರೂ ರಕ್ತಸಂಬಂಧ ಇದೆ. ಇಲ್ಲಿ ಅಲ್ಪಸಂಖ್ಯಾತರು ಹೈಕೋರ್ಟಿಗೆ ಹೋದರು, ಸರ್ಕಾರದ ಆದೇಶ ಬಿತ್ತು, ನಾವು ಗೊಣಗಿಕೊಂಡು ಸುಮ್ಮನಾದೆವು. ಗೊಣಗುವುದೂ ಒಂದು ಭಾಗ್ಯವೇ. 1991ರ ಡಿಸೆಂಬರಿನಲ್ಲಿ ಕಾವೇರಿ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಬಂದ ಬೆನ್ನಿಗೆ ಬೆಂಗಳೂರಿನ ತಮಿಳು ಬಡಾವಣೆಗಳಿಗೆ ನುಗ್ಗಿದವರು ನೀರು ಕೇಳಲು ಹೋಗಿರಲಿಲ್ಲ, ಹೆಸರು ಕೇಳಲು ಹೋಗಿದ್ದರು. ಕೂಲಿ ಮಾಡಿ ಬದುಕುತ್ತಿದ್ದ ಕೊಳೆಗೇರಿಗಳೇ ಹೆಚ್ಚು ಏಟು ತಿಂದವು. ಅಲ್ಲೂ ವಿಳಾಸದ್ದೇ ಕೆಲಸ.

ಲಂಕೆಯ ಈಚಿನ ಅಧ್ಯಾಯವನ್ನು ಎರಡೂ ಪಕ್ಷದವರು ತಮ್ಮದೆನ್ನಬಹುದು. 2022ರಲ್ಲಿ ಪೆಟ್ರೋಲು, ಅಡುಗೆ ಅನಿಲಕ್ಕೆ ಮೈಲುದ್ದದ ಸಾಲು ನಿಂತಾಗ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಸಿಂಹಳರು, ತಮಿಳರು, ಮುಸ್ಲಿಮರು ಒಟ್ಟಿಗೆ ಡೇರೆ ಹಾಕಿದರು. 1956ರಲ್ಲಿ ಚೆಲ್ವನಾಯಕಂ ಸಂಗಡಿಗರು ಸತ್ಯಾಗ್ರಹ ಕೂತು ಪುಂಡರಿಂದ ಏಟು ತಿಂದದ್ದು ಅದೇ ಬಯಲಿನಲ್ಲಿ. 2022ರ ಮೇ 18ರಂದು ಅಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ ಮುಳ್ಳಿವಾಯ್ಕಾಲಿನಲ್ಲಿ ಸತ್ತ ತಮಿಳರ ನೆನಪಿಗೆ ಗಂಜಿ ಹಂಚಿದರು. ಎರಡೇ ವರ್ಷದ ಹಿಂದೆ ಇದೇ ದೇಶ ಕೋವಿಡ್‌ನಿಂದ ಸತ್ತ ಮುಸ್ಲಿಮರನ್ನು ಹೂಳಲು ಬಿಡದೆ ಬಲವಂತವಾಗಿ ಸುಟ್ಟಿತ್ತು ಎನ್ನುವುದನ್ನೂ ಮರೆಯುವಂತಿಲ್ಲ. 2024ರ ನವೆಂಬರಿನ ಸಂಸತ್ ಚುನಾವಣೆಯಲ್ಲಿ ಆಗಷ್ಟೇ ಅಧ್ಯಕ್ಷರಾಗಿದ್ದ ಅನುರ ಕುಮಾರ ದಿಸ್ಸನಾಯಕೆಯವರ ಎನ್‌ಪಿಪಿ ಜಾಫ್ನಾ ಜಿಲ್ಲೆಯ ಆರು ಸ್ಥಾನಗಳಲ್ಲಿ ಮೂರನ್ನು ಗೆದ್ದಿತು. ಅದರ ಬೆನ್ನೆಲುಬು ಜೆವಿಪಿ: ಪ್ರಾಂತೀಯ ಮಂಡಳಿಗಳಿಗೆ ದಾರಿ ಮಾಡಿದ 1987ರ ಭಾರತ-ಲಂಕಾ ಒಪ್ಪಂದದ ವಿರುದ್ಧ ಬಂದೂಕು ಎತ್ತಿದ್ದ ಪಕ್ಷ, ಉತ್ತರ ಮತ್ತು ಪೂರ್ವ ಪ್ರಾಂತ್ಯಗಳನ್ನು ಬೇರ್ಪಡಿಸಬೇಕೆಂದು ಸುಪ್ರೀಂ ಕೋರ್ಟಿಗೆ ಹೋಗಿ 2006ರಲ್ಲಿ ಗೆದ್ದಿದ್ದ ಪಕ್ಷ. ಜನಾಂಗದ ಕಾಲ ಮುಗಿಯಿತು ಎಂದು ಕೊಲಂಬೊದ ಅಂಕಣಕಾರರು ಬರೆದರು. ಆರು ತಿಂಗಳ ಮೇಲೆ, 2025ರ ಮೇನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ಬಂದಾಗ ಉತ್ತರದ ಮತದಾರರಲ್ಲಿ ಅನೇಕರು ಚೆಲ್ವನಾಯಕಂ ಕಟ್ಟಿದ ಹಳೆಯ ತಮಿಳು ಪಕ್ಷಕ್ಕೇ ಮರಳಿದರು. ಪ್ರಾಂತೀಯ ಮಂಡಳಿಯ ಚುನಾವಣೆಯಲ್ಲಿ ಅವರು ಏನು ಮಾಡುತ್ತಿದ್ದರೋ ಹೇಳುವಂತಿಲ್ಲ. ಉತ್ತರದ ಮಂಡಳಿಯ ಅವಧಿ 2018ರಲ್ಲೇ ಮುಗಿದಿದೆ, ಅದಾದ ಮೇಲೆ ಯಾವ ಸರ್ಕಾರವೂ ಆ ಚುನಾವಣೆ ನಡೆಸಿಲ್ಲ.